ಓದಿನ ಕಿರ್ದಿ ಇದೆ, ಖತಾವಣಿ ಇಲ್ಲ

ಕಾರಟಗಿಯ ದಲಾಲಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ಓದುಗರೊಬ್ಬರು ಕೇಳಿದ್ದಾರೆ: “ಹೋದ ವರ್ಷ 29 ಪುಸ್ತಕ ಓದಿದ್ದೆ, ಈ ವರ್ಷ 41 ಆದವು. ಹೆಸರು, ಮುಗಿಸಿದ ತಾರೀಖು ಎರಡೇ ಬರೆದಿಟ್ಟಿದ್ದೇನೆ. ಪಟ್ಟಿಯ ನಕಲು ಜೊತೆಗಿದೆ. ಈಗ ನೋಡಿದರೆ ಅರ್ಧಕ್ಕರ್ಧ ಪುಸ್ತಕಗಳಲ್ಲಿ ಏನಿತ್ತೆಂಬುದೇ ನೆನಪಿಲ್ಲ. ಮಾನ್ವಿಯ ಜಗನ್ನಾಥದಾಸರ ‘ಹರಿಕಥಾಮೃತಸಾರ’ದ ಷಟ್ಪದಿಗಳನ್ನು ಮೂರು ಸಲ ಹಿಡಿದು ಮೂರು ಸಲವೂ ಬಿಟ್ಟೆ. ನನ್ನ ಓದು ಹೆಚ್ಚಿದೆಯೋ, ಬರೀ ಸಂಖ್ಯೆ ಹೆಚ್ಚಿದೆಯೋ?”

ಸಂಪಾದಕರ ಉತ್ತರ:

ಲೆಕ್ಕದವರಿಗೇ ಲೆಕ್ಕ ಹೇಳಿಕೊಡುವುದು ಅಧಿಕಪ್ರಸಂಗ. ಆದರೂ ನಿಮ್ಮ ಮಾತಿನಲ್ಲೇ ಹೇಳುತ್ತೇವೆ. ನಿಮ್ಮ ನೋಟ್‌ಬುಕ್ಕು ಬರೀ ಕಿರ್ದಿ. ದಿನದಿನದ ನಮೂದು ಬರೋಬ್ಬರಿ ಇದೆ; ಯಾವ ಖಾತೆಗೆ ಎಷ್ಟು ಬಂತು, ಎಷ್ಟು ಬಾಕಿ ನಿಂತಿತು ಎಂಬ ಖತಾವಣಿ ಆಗಿಲ್ಲ. ಒಂದು ಭಾನುವಾರದ ಮಧ್ಯಾಹ್ನ ಸಾಕು, ಮಾಡಿ ಮುಗಿಸಬಹುದು.

ಮೊದಲು ನೋಟ್‌ಬುಕ್ಕು ಮುಚ್ಚಿಡಿ. ಖಾಲಿ ಹಾಳೆ ತೆಗೆದುಕೊಂಡು ಇಪ್ಪತ್ತು ನಿಮಿಷ, ನೆನಪಿಗೆ ಬಂದ ಪುಸ್ತಕಗಳ ಹೆಸರನ್ನು ಬಂದ ಕ್ರಮದಲ್ಲೇ ಬರೆಯಿರಿ. ಮೆಚ್ಚಿದ್ದು, ಮೆಚ್ಚದ್ದು ಎಂದು ಆರಿಸಬೇಡಿ. ಹೆಸರು ಮರೆತು ಒಂದು ಪಾತ್ರವೋ ಒಂದು ಜಗಳವೋ ನೆನಪಾದರೆ ಅದನ್ನೇ ಬರೆಯಿರಿ. ಆಮೇಲೆ ನೋಟ್‌ಬುಕ್ಕು ತೆರೆದು ಒಂದೊಂದರ ಮುಂದೆ ಓದಿದ ತಿಂಗಳು ಹಾಕಿ. ಕೊನೆಯ ಎರಡು ತಿಂಗಳ ಪುಸ್ತಕಗಳು ಹೆಚ್ಚಾಗಿ ಬಂದಿರುತ್ತವೆ. ಅದು ಅವುಗಳ ಯೋಗ್ಯತೆಯಿಂದಲ್ಲ, ಹೊಸದಾಗಿರುವುದರಿಂದ. ಅವನ್ನು ಪಕ್ಕಕ್ಕಿಟ್ಟು ಎಂಟು ಹತ್ತು ತಿಂಗಳ ಹಿಂದಿನ ಯಾವುದು ತಾನಾಗಿ ಎದ್ದು ಬಂತೋ ಅದರ ಕೆಳಗೆ ಗೆರೆ ಎಳೆಯಿರಿ. ವರ್ಷದ ನಿಜವಾದ ಜಮಾ ಅದು. ಐದಾರು ಸಿಕ್ಕರೂ ಕಡಿಮೆಯೇನಲ್ಲ.

ನೆನಪಿಗೆ ಬಾರದವುಗಳನ್ನು ಒಮ್ಮೆಲೇ ವಜಾ ಮಾಡಬೇಡಿ. ಪುಸ್ತಕ ಕೈಗೆ ಸಿಗುವಂತಿದ್ದರೆ ನಡುವಿನ ಎರಡು ಪುಟ ಓದಿ. ಬೆನ್ನುಡಿ ಓದಿದರೆ ಪ್ರಯೋಜನವಿಲ್ಲ, ಅದು ಪ್ರಕಾಶಕರ ಮಾತನ್ನು ನೆನಪಿಸುತ್ತದೆಯೇ ಹೊರತು ಪುಸ್ತಕವನ್ನಲ್ಲ. ಎರಡು ಪುಟಕ್ಕೆ ಮುಂದಿನದು ಹೊಳೆಯತೊಡಗಿದರೆ ಅದು ಮರೆತದ್ದಲ್ಲ, ಮಸುಕಾದದ್ದು. ಏನೂ ಹೊಳೆಯದಿದ್ದರೆ ಆಗ ವಜಾ.

ಜರ್ಮನಿಯ ಎಬ್ಬಿಂಗ್‌ಹೌಸ್ 1885ರಲ್ಲಿ ತನ್ನ ಮೇಲೇ ಪ್ರಯೋಗ ಮಾಡಿಕೊಂಡು ತೋರಿಸಿದ್ದ: ಕಲಿತದ್ದರ ಹೆಚ್ಚು ಪಾಲು ಮೊದಲ ಕೆಲವು ತಾಸುಗಳಲ್ಲೇ ಜಾರುತ್ತದೆ, ಆಮೇಲೆ ಜಾರುವ ವೇಗ ತಗ್ಗುತ್ತದೆ. ಅವನು ಉರು ಹೊಡೆದದ್ದು ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು, ಆದ್ದರಿಂದ ಅವನ ಅಂಕಿಗಳನ್ನು ಕಾದಂಬರಿಗೆ ಹಚ್ಚಬಾರದು. ದಾರಿ ಮಾತ್ರ ಕೆಲಸಕ್ಕೆ ಬರುತ್ತದೆ. ಪುಸ್ತಕ ಮುಗಿಸಿದ ಮರುದಿನ, ಅದನ್ನು ತೆರೆಯದೆ, ಐದು ಸಾಲು ಬರೆಯಿರಿ. ಮುಗಿಸಿದ ರಾತ್ರಿಯೇ ಬರೆದರೆ ಕೊನೆಯ ಅಧ್ಯಾಯದ ಉಮೇದು ಐದೂ ಸಾಲು ತಿಂದುಬಿಡುತ್ತದೆ. ನಕ್ಷತ್ರ, ಅಂಕ ಕೊಡುವ ಚಾಳಿಯೂ ಇದೇ ಕಾರಣಕ್ಕೆ ನಮಗೆ ಒಗ್ಗುವುದಿಲ್ಲ.

ಇನ್ನು 29 ಹೆಚ್ಚೋ 41 ಹೆಚ್ಚೋ. ಪುಸ್ತಕ ಎಣಿಸುವುದೆಂದರೆ ತೂಕ ಹಾಕದೆ ಚೀಲ ಎಣಿಸಿದ ಹಾಗೆ. 41 ಪುಸ್ತಕ ಸರಾಸರಿ 110 ಪುಟದವಾದರೆ 4,510 ಪುಟ. ಹೋದ ವರ್ಷದ 29 ಸರಾಸರಿ 190 ಪುಟದವಾಗಿದ್ದರೆ 5,510. ಸಾವಿರ ಪುಟ ಇಳಿದಿದೆ! ಪುಟಸಂಖ್ಯೆ ಬಹುಮಟ್ಟಿಗೆ ಹೆಸರುಪುಟದ ಹಿಂಬದಿಯಲ್ಲೇ, ಕಾಗದ ಮತ್ತು ಅಳತೆಯ ವಿವರದ ಜೊತೆ ಅಚ್ಚಾಗಿರುತ್ತದೆ. ಅಳತೆಯನ್ನೂ ನೋಡಿ: ಕ್ರೌನ್ 1/8ರ ಪುಟ ಡೆಮಿ 1/8ರ ಪುಟಕ್ಕಿಂತ ಚಿಕ್ಕದು. ಅನುಮಾನವಿದ್ದರೆ ತುಂಬಿದ ಮೂರು ಸಾಲಿನ ಪದ ಎಣಿಸಿ, ಮೂರರಿಂದ ಭಾಗಿಸಿ, ಪುಟದ ಸಾಲುಗಳಿಂದ ಗುಣಿಸಿ. ಕವಿತೆಯನ್ನು ಈ ಲೆಕ್ಕಕ್ಕೆ ಸೇರಿಸಬೇಡಿ, ಅದರದು ಬೇರೆ ಖಾತೆ.

ತಿಂಗಳವಾರು ಕೂಡಿದಾಗ ನಿಮ್ಮ ಪಟ್ಟಿಯಲ್ಲಿ ನವೆಂಬರ್–ಡಿಸೆಂಬರ್ ಮತ್ತು ಏಪ್ರಿಲ್–ಮೇ ಬಹುತೇಕ ಖಾಲಿ. ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತ ಆವಕವಾಗುವ ತಿಂಗಳುಗಳಿವು, ಸೋಮಾರಿತನ ಎಂದುಕೊಳ್ಳಬೇಡಿ. ಆದರೆ ದೊಡ್ಡ ಕಾದಂಬರಿಯನ್ನು ಅಕ್ಟೋಬರ್ ಕೊನೆಗೆ ಹಿಡಿದರೆ ಕೊಂಡಿ ತಪ್ಪುವುದು ಖಂಡಿತ. ಅಂಥವನ್ನು ಜೂನ್–ಸೆಪ್ಟೆಂಬರ್‌ಗೆ ಇಟ್ಟುಕೊಂಡು, ಸುಗ್ಗಿಯಲ್ಲಿ ಒಂದೇ ಕೂತಿಗೆ ಮುಗಿಯುವ ಕತೆ, ಪ್ರಬಂಧ ಓದಿ.

ಅರ್ಧಕ್ಕೆ ಬಿಟ್ಟವು ನಿಮ್ಮ ಪಟ್ಟಿಯಲ್ಲೇ ಇಲ್ಲ. ಅದು ದೊಡ್ಡ ಕೊರತೆ. ಬೇಸರದಿಂದ ಬಿಟ್ಟದ್ದು ಒಂದು, ಗ್ರಂಥಾಲಯದ ಗಡುವು ಮುಗಿದು ಬಿಟ್ಟದ್ದು ಇನ್ನೊಂದು, ಕಷ್ಟವೆಂದು ಬಿಟ್ಟದ್ದು ಮತ್ತೊಂದು. ಮೊದಲನೆಯದಕ್ಕೆ ಮದ್ದು ಬೇಕಿಲ್ಲ. ಎರಡನೆಯದಕ್ಕೆ ನಿಂತ ಪುಟದ ಸಂಖ್ಯೆ ಸಾಕು. ದಾಸರದು ಮೂರನೆಯದು.

ನೀವು ಬಹುಶಃ ಅದನ್ನು ಗದ್ಯದಂತೆ ಕಣ್ಣಲ್ಲಿ ಓದುತ್ತಿದ್ದೀರಿ. ಭಾಮಿನಿ ಷಟ್ಪದಿ ಬಾಯಿಗೆ ಬರೆದದ್ದು. ಒಂದು, ಎರಡು, ನಾಲ್ಕು, ಐದನೆಯ ಸಾಲುಗಳು 3–4–3–4 ಮಾತ್ರೆಯ ನಡಿಗೆ. ಮೂರು ಮತ್ತು ಆರನೆಯವು 3–4–3–4–3–4, ಕೊನೆಗೆ ಒಂದು ಗುರು. ತೊಡೆ ತಟ್ಟುತ್ತ ಹೇಳಿ. ಗಣ ಮುಗಿದಲ್ಲೇ ಪದ ಮುಗಿಯಬೇಕೆಂದಿಲ್ಲ, ಸಂಧಿಯಾಗಿ ಮುಂದಿನ ಗಣಕ್ಕೆ ದಾಟುತ್ತದೆ; ಅರ್ಥ ಕೈತಪ್ಪುವುದು ಅಲ್ಲೇ. ಹಾಗಾಗಿ ಒಂದು ಪದ್ಯವನ್ನು ಮೂರು ಸಲ ಗಟ್ಟಿಯಾಗಿ ಹೇಳಿ, ಆಮೇಲೆ ಪದ ಬಿಡಿಸಿ ಬರೆಯಿರಿ, ಟೀಕೆ (ವ್ಯಾಖ್ಯಾನ) ನೋಡುವುದು ಕೊನೆಗೆ. ದಿನಕ್ಕೆ ಎರಡೇ ಪದ್ಯ. ಅಷ್ಟಾದರೂ ತೊಡಕಾದರೆ ಅದು ಭಾಷೆಯದಲ್ಲ, ಸಿದ್ಧಾಂತದ್ದು: ಬಿಂಬ, ತಾರತಮ್ಯದಂಥ ಮಾಧ್ವ ಪರಿಭಾಷೆಗೆ ನೋಟ್‌ಬುಕ್ಕಿನ ಹಿಂದಿನ ಒಂದು ಪುಟ ಬಿಡಿ.

ಪಟ್ಟಿಯಲ್ಲಿ ಕಣ್ಣಿಗೆ ಹೊಡೆದ ಇನ್ನೊಂದು ಮಾತು. ನಮ್ಮ ಸೀಮೆಯ ಚರಿತ್ರೆಯ ಒಂದು ಪುಸ್ತಕವೂ ಇಲ್ಲ. ಕೊಪ್ಪಳದ ಗವಿಮಠ, ಪಾಲ್ಕಿಗುಂಡುಗಳಲ್ಲಿ ಅಶೋಕನ ಶಾಸನಗಳಿವೆ. ಚಿನ್ನದ ಗಣಿಯ ಎಂಜಿನಿಯರ್ ಬೀಡನ್ 1915ರಲ್ಲಿ ಮಸ್ಕಿಯಲ್ಲಿ ಕಂಡ ಬಂಡೆಯ ಮೇಲೆ ಆ ಅರಸನ ಹೆಸರೇ ಇದೆ. ಸಿರುಗುಪ್ಪ ಕಡೆಯ ನಿಟ್ಟೂರು, ಉಡೇಗೋಳಗಳಲ್ಲೂ ಇದೆ. ಈ ಐದೂ ಜಾಗ ನಿಮ್ಮ ಸುತ್ತಮುತ್ತಲೇ.

ಹೊಸ ನೋಟ್‌ಬುಕ್ಕಿನಲ್ಲಿ ಪುಸ್ತಕದ ಹೆಸರಿನ ಮುಂದೆ ಐದೇ ಕಾಲಂ ಹಾಕಿ: ಹಿಡಿದ ದಿನ, ಮುಗಿಸಿದ ಅಥವಾ ಬಿಟ್ಟ ದಿನ, ಪುಟ, ಎಲ್ಲಿಂದ ಬಂತು, ಬಿಟ್ಟಿದ್ದರೆ ಯಾಕೆ. ಹನ್ನೆರಡು ಕಾಲಂ ಹಾಕಿದವರ ಪುಸ್ತಕ ಎರಡನೆಯ ತಿಂಗಳಿಗೇ ನಿಲ್ಲುತ್ತದೆ. ಸಾಲುಗಳನ್ನು ನಕಲು ಮಾಡುವುದಾದರೆ ಲೇಖಕರ ಮಾತು ಎಡಪುಟದಲ್ಲಿ, ನಿಮ್ಮದು ಬಲಪುಟದಲ್ಲಿ. ಇಲ್ಲದಿದ್ದರೆ ಆರು ತಿಂಗಳಾದ ಮೇಲೆ ಯಾವುದು ಯಾರದೆಂದು ನಿಮಗೇ ತಿಳಿಯುವುದಿಲ್ಲ. ಪುಟಸಂಖ್ಯೆಯ ಜೊತೆ ಎಷ್ಟನೆಯ ಮುದ್ರಣವೆಂದೂ ಬರೆಯಿರಿ, ಮರುಮುದ್ರಣದಲ್ಲಿ ಪುಟ ಸರಿಯುತ್ತದೆ. ಗ್ರಂಥಾಲಯದ ಹಳೆಯ ಪುಸ್ತಕಕ್ಕೆ ಅಂಟುಚೀಟಿ ಹಚ್ಚಬೇಡಿ, ಕೀಳುವಾಗ ಒಣಗಿದ ಕಾಗದವೂ ಕಿತ್ತು ಬರುತ್ತದೆ; ಸಾದಾ ಚೀಟಿ ಇಡಿ.

ಮೊದಲ ಸಾಲಿಗೆ ಹೊಸ ಪುಸ್ತಕ ಬೇಡ. ದಾಸರನ್ನೇ ‘ಹಳೆ ಬಾಕಿ’ ಎಂದು ಎಳೆದುಕೊಳ್ಳಿ, ನಿಂತ ಸಂಧಿ (ಅಧ್ಯಾಯ) ಮತ್ತು ಪದ್ಯದ ಸಂಖ್ಯೆ ಸಮೇತ.