ತಲುಪಿದ್ದಾಳೆ, ತಲುಪಿರಲಿ
ಪ್ರಶ್ನೆ: ಮೇಡಂ, ಸ್ಪ್ಯಾನಿಷ್ ಕಲಿಯುತ್ತಿದ್ದೇನೆ. ‘ಆ ಯೆಗಾದೊ’, ‘ಆಯಾ ಯೆಗಾದೊ’ ಎರಡಕ್ಕೂ ಏನು ವ್ಯತ್ಯಾಸ?
– ಓದುಗರು, ಸಾಗರ

ಉತ್ತರ: ಕಳೆದ ಮಳೆಗಾಲದಲ್ಲಿ ನನ್ನ ಮಗಳು ತೀರ್ಥಹಳ್ಳಿಯಿಂದ ಆಗುಂಬೆ ಘಾಟಿ ಇಳಿದು ಉಡುಪಿಗೆ ಹೊರಟಿದ್ದಳು. ಧೋ ಎನ್ನುವ ಮಳೆ, ಫೋನ್ ಸಿಗದು. ‘ತಲುಪಿದ್ದಾಳೆ’ ಎನ್ನುವ ಧೈರ್ಯ ಬರಲಿಲ್ಲ. ‘ತಲುಪಿರಲಿ ದೇವರೇ’ ಎಂದೆ. ‘ಆ ಯೆಗಾದೊ’ ಆ ಧೈರ್ಯದ ಮಾತು, ‘ಆಯಾ ಯೆಗಾದೊ’ ಈ ಮೊರೆ. ‘ಎಸ್ಪೆರೊ ಕೆ ಆಯಾ ಯೆಗಾದೊ’ ಅಂದರೆ ತಲುಪಿರಲಿ ಎಂದು ಆಶಿಸುತ್ತೇನೆ. ಅನುಮಾನಕ್ಕೂ ಇದೇ: ‘ನೋ ಕ್ರೆಯೊ ಕೆ’, ಅಂದರೆ ‘ನನಗೆ ಹಾಗನ್ನಿಸುವುದಿಲ್ಲ’ ಎಂದಮೇಲೆ ‘ಆಯಾ’ ಬರಬೇಕು. ಬರೀ ‘ಕ್ರೆಯೊ ಕೆ’ ಆದರೆ ‘ಆ’ ಸಾಕು. ‘ನೀನು’ ಬಂದಾಗ ‘ಆಯಾಸ್’, ‘ನಾವು’ ಬಂದಾಗ ‘ಆಯಾಮೊಸ್’. ‘ಯೆಗಾದೊ’ ಮಾತ್ರ ಅಲುಗುವುದಿಲ್ಲ.