ಪುಟ್ಟಿ ಮೆತ್ತಿದರೆ ತುಕ್ಕು ನಿಲ್ಲುತ್ತದೆಯೇ?

ಪ್ರಶ್ನೆ: ನನ್ನದು ಹಳೆಯ ಫೋರ್ ವೀಲ್ ಡ್ರೈವ್ ಗಾಡಿ. ಹಿಂದಿನ ವೀಲ್ ಆರ್ಚ್‌ಗಳ, ಅಂದರೆ ಚಕ್ರದ ಮೇಲಿನ ಕಮಾನು ತಗಡಿನ, ಅಂಚಿನಲ್ಲಿ ಬಣ್ಣ ಗುಳ್ಳೆ ಎದ್ದಿತ್ತು. ಬೆರಳಿನಿಂದ ಒತ್ತಿದರೆ ತಗಡೇ ಪುಡಿಯಾಗಿ ಉದುರಿತು. ಟಿಂಕರಿಂಗ್ ಮಾಡುವವರೊಬ್ಬರು ಪುಟ್ಟಿ ಸಾಕು ಎನ್ನುತ್ತಾರೆ. ಇನ್ನೊಬ್ಬರು ಹಳೆಯದರ ಮೇಲೆಯೇ ಹೊಸ ತಗಡು ಹೊದಿಸೋಣ ಎನ್ನುತ್ತಾರೆ. ನನ್ನ ಬಳಿ ಮಿಗ್ ವೆಲ್ಡಿಂಗ್ ಯಂತ್ರವಿದೆ, ಬೆಸುಗೆಯೂ ತಕ್ಕಮಟ್ಟಿಗೆ ಬರುತ್ತದೆ. ಏನು ಮಾಡಲಿ?

ಉತ್ತರ: ಇಬ್ಬರ ಮಾತೂ ಬೇಡ. ಪುಟ್ಟಿ ಇರುವುದು ಏರುತಗ್ಗು ಸಮ ಮಾಡುವುದಕ್ಕೆ, ತೂತು ಮುಚ್ಚುವುದಕ್ಕಲ್ಲ. ಅದು ತೇವ ಹೀರುತ್ತದೆ. ಹಿಂಬದಿಯಿಂದ ನೀರು ತಗಲುತ್ತಿದ್ದರೆ ಗುಳ್ಳೆ ಮತ್ತೆ ಏಳುತ್ತದೆ. ತಗಡು ಹೊದಿಸುವುದು ಇನ್ನೂ ಕೇಡು. ನಿಮ್ಮ ಆರ್ಚ್ ಹಾಳಾದದ್ದೇ ಎರಡು ತಗಡುಗಳ ನಡುವಿನ ಸಂದಿನಿಂದ. ಹೊರ ಮತ್ತು ಒಳ ತಗಡುಗಳು ಅಂಚಿನಲ್ಲಿ ಕೂಡುವ ಕಡೆ ಚಕ್ರ ಎರಚಿದ ಕೆಸರು ಕೂತು, ಒಣಗದೆ, ಒಳಗಿನಿಂದ ತಿನ್ನುತ್ತಾ ಬರುತ್ತದೆ. ಅಂಥದೇ ಇನ್ನೊಂದು ಸಂದನ್ನು ದುಡ್ಡು ಕೊಟ್ಟು ಮಾಡಿಸಿಕೊಳ್ಳುವುದೇಕೆ?

ಮೊದಲು ಒಳ ಆರ್ಚ್ ನೋಡಿ. ಕೆಸರು ತೊಳೆದು, ಸ್ಕ್ರೂಡ್ರೈವರ್ ಹಿಡಿಯಿಂದ ಉದ್ದಕ್ಕೂ ಕುಟ್ಟುತ್ತಾ ಹೋಗಿ. ಗಟ್ಟಿ ತಗಡು ಠಣ್ಣೆನ್ನುತ್ತದೆ, ಸತ್ತದ್ದು ದಬ್ಬೆನ್ನುತ್ತದೆ. ಸೀಟ್ ಬೆಲ್ಟ್ ಬಿಗಿದಿರುವ ಜಾಗ ಅಥವಾ ಬಾಡಿ ಷಾಸಿಗೆ ಕೂರುವ ಜಾಗದವರೆಗೆ ಆ ದಬ್ಬು ಹಬ್ಬಿದ್ದರೆ, ದಯವಿಟ್ಟು ನೀವು ಕೈ ಹಾಕಬೇಡಿ, ಪಳಗಿದವರಿಗೆ ಬಿಡಿ. ಅದು ಅಂದದ ಪ್ರಶ್ನೆಯಲ್ಲ, ಜೀವದ ಪ್ರಶ್ನೆ.

ಇಲ್ಲವಾದರೆ ನೀವೇ ಮಾಡಬಹುದು. ಕೊಯ್ಯುವ ಮುನ್ನ ಹಳೆಯ ಅಂಚಿನ ಅಚ್ಚನ್ನು ರಟ್ಟಿನ ಮೇಲೆ ತೆಗೆದಿಟ್ಟುಕೊಳ್ಳಿ. ಆಮೇಲೆ ಆ ಬಾಗು ಎಲ್ಲೂ ಸಿಗುವುದಿಲ್ಲ. ಬ್ಯಾಟರಿ ತಂತಿ ಬಿಚ್ಚಿ. ಇಂಧನ ತುಂಬುವ ಕೊಳವೆ ಹಿಂದಿನ ಆರ್ಚ್ ಪಕ್ಕದಲ್ಲೇ ಹಾದಿದ್ದರೆ ಅದನ್ನೂ, ಒಳಗಿನ ಕಾರ್ಪೆಟ್ಟನ್ನೂ ತೆಗೆಯಿರಿ. ಕೆಳಗೆ ಬಳಿದ ಡಾಂಬರು ಲೇಪವನ್ನು ಕೆರೆಯಿರಿ, ಅದೂ ಹೊತ್ತಿಕೊಳ್ಳುತ್ತದೆ. ಬೆಂಕಿ ಆರಿಸುವ ಸಿಲಿಂಡರ್ ಕೈಗೆಟುಕುವಂತಿರಲಿ.

ಕತ್ತರಿಸುವಾಗ ಜಿಪುಣತನ ಬೇಡ. ತಗಡು ಹೊಳೆಯುವವರೆಗೆ, ಅಂಚಿನ ದಪ್ಪ ಉದ್ದಕ್ಕೂ ಒಂದೇ ಸಮ ಇರುವವರೆಗೆ ಕತ್ತರಿಸಿ. ತೆಳ್ಳಗಾದ ಕಡೆ ಬೆಸುಗೆ ನಿಲ್ಲುವುದಿಲ್ಲ, ತೂತು ಬೀಳುತ್ತದೆ. ಒಳ ಆರ್ಚ್ ಮೊದಲು, ಹೊರಗಿನದು ನಂತರ. ತುಂಡನ್ನು ಅಂಚಿಗೆ ಅಂಚು ಮುಟ್ಟುವಂತೆ ಕೂರಿಸಿ. ಸುಮಾರು 1 ಮಿಲಿಮೀಟರ್ ದಪ್ಪದ ತಗಡಿಗೆ 0.6 ಮಿಲಿಮೀಟರ್ ಬೆಸುಗೆ ತಂತಿ ಹಿತ. ಒಂದೇ ಎಳೆತಕ್ಕೆ ಬೆಸುಗೆ ಎಳೆದಿರೋ, ತಗಡು ಹಪ್ಪಳದಂತೆ ಸೊಟ್ಟಗಾಗುತ್ತದೆ. ಇಲ್ಲೊಂದು ಚುಕ್ಕೆ, ಅಲ್ಲೊಂದು ಚುಕ್ಕೆ ಇಟ್ಟು, ಕೈಯಿಂದ ಮುಟ್ಟುವಷ್ಟು ತಣ್ಣಗಾದ ಮೇಲೆ ನಡುವಿನದನ್ನು ತುಂಬುತ್ತಾ ಬನ್ನಿ. ಬೇಸರದ ಕೆಲಸ, ನಿಜ. ಸತು ಲೇಪಿಸಿದ ತಗಡಾದರೆ ಬೆಸುಗೆಯ ಜಾಗದ ಲೇಪ ಕೆರೆದು, ಗಾಳಿಯಾಡುವಲ್ಲೇ ಮಾಡಿ. ಆ ಹೊಗೆ ಕುಡಿದರೆ ಜ್ವರ ಬರುತ್ತದೆ.

ಪುಟ್ಟಿಯ ಸರದಿ ಈಗ: ತೆಳ್ಳಗೆ ಮೆತ್ತಿ, ಅದರ ಮೇಲೆ ಪ್ರೈಮರ್, ಆಮೇಲೆ ಬಣ್ಣ. ಒಳ ಸಂದಿಗೆ ಸೀಲರ್ ಹಚ್ಚಿ, ಬಣ್ಣ ಒಣಗಿದ ಮೇಲೆ ಟೊಳ್ಳಿನೊಳಗೆ ತುಕ್ಕು ತಡೆಯುವ ಮೇಣ ಸಿಂಪಡಿಸಿ. ಸಿಂಪಡಿಸುವಾಗ ನೀರು ಇಳಿಯುವ ತೂತುಗಳು ಮುಚ್ಚಿಹೋಗದಂತೆ ಒಂದು ಕಡ್ಡಿ ತೂರಿಸಿ ನೋಡಿಕೊಳ್ಳಿ.