ಸೆಮಿಸ್ಟರ್ ಕೊನೆಗೆ ಮಗಳು ಫೋನ್ ಎತ್ತುವುದಿಲ್ಲ. ಈ ದಿನಗಳಲ್ಲಿ ಮಕ್ಕಳು ನಿಜವಾಗಿ ಏನು ಮಾಡುತ್ತಿರುತ್ತಾರೆ?

ಸರ್, ನಿಮ್ಮ ಮಗಳು ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಮೊದಲ ಸೆಮಿಸ್ಟರ್, ಹಾಸ್ಟೆಲ್‌ನಲ್ಲಿದ್ದಾಳೆ, ನೀವು ಹಿರಿಯೂರು ಕಡೆಯವರು ಅಂತ ಬರೆದಿದ್ದೀರಿ. ಹದಿನೈದು ದಿನದಿಂದ ಸರಿಯಾಗಿ ಮಾತಿಗೆ ಸಿಗುತ್ತಿಲ್ಲ, ಸಿಕ್ಕರೂ "ಓದ್ತಾ ಇದೀನಿ" ಅಂತ ಇಟ್ಟುಬಿಡುತ್ತಾಳೆ, ಆ ಹೊತ್ತಿನಲ್ಲಿ ಅವರ ದಿನ ಹೇಗಿರುತ್ತದೆ ಅಂತ ಕೇಳಿದ್ದೀರಿ.

ನಾನೂ ಇದೇ ಊರಲ್ಲಿ ಓದುತ್ತಿದ್ದೇನೆ. ಎಲೆಕ್ಟ್ರಾನಿಕ್ಸ್, ಐದನೇ ಸೆಮಿಸ್ಟರ್. ಊರು ಜಗಳೂರು ತಾಲ್ಲೂಕಿನ ಒಂದು ಹಳ್ಳಿ. ನಾನೂ ಹಾಸ್ಟೆಲ್ಲೇ. ಈಗ ನಾನೂ ಅದೇ ಹದಿನೈದು ದಿನದ ನಡುವೆ ಇದ್ದೇನೆ. ಹಾಗಾಗಿ ನನ್ನ ದಿನ ಹೇಗಿದೆ, ಅದರಲ್ಲಿ ಫೋನ್ ಎಲ್ಲೆಲ್ಲಿ ಇರುತ್ತದೆ ಅಂತಲೇ ಹೇಳುತ್ತೇನೆ. ನಿಮಗೆ ಬೇಕಿರುವುದು ಅದೇ ಅಲ್ವಾ.

ಬೆಳಿಗ್ಗೆ ಐದಕ್ಕೆ ಫೋನ್ ತಲೆದಿಂಬಿನ ಕೆಳಗೆ ಅಲಾರಂ ಹೊಡೆಯುತ್ತದೆ. ಈಗ ಚಳಿ ಜಾಸ್ತಿ. ಬಿಸಿನೀರಿಗೆ ಬಕೆಟ್ ಸಾಲು ಇರುತ್ತದೆ, ಮೊದಲು ಎದ್ದವರಿಗೆ ಮೊದಲು ನೀರು. ಬಕೆಟ್ ಇಟ್ಟು ಬಂದು ಮೆಟ್ಟಿಲ ಮೇಲೆ ಕೂತು ಓದುತ್ತೇವೆ. ಆ ಒಂದೂವರೆ ಗಂಟೆಯಲ್ಲಿ ತಲೆಗೆ ಹತ್ತುವಷ್ಟು ಇಡೀ ಮಧ್ಯಾಹ್ನ ಓದಿದರೂ ಹತ್ತುವುದಿಲ್ಲ.

ಆಮೇಲೆ ಕಾಲೇಜು. ಪರೀಕ್ಷೆ ಶುರುವಾಗುವ ಮೊದಲಿನ ಈ ದಿನಗಳಲ್ಲಿ ಪಾಠಕ್ಕಿಂತ ಓಡಾಟವೇ ಹೆಚ್ಚು. ಇದು ಮನೆಯವರಿಗೆ ಕಾಣುವುದಿಲ್ಲ, ಅದಕ್ಕೆ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಮ್ಮ ವಿಟಿಯುನಲ್ಲಿ (ನಮ್ಮ ಇಂಜಿನಿಯರಿಂಗ್ ಕಾಲೇಜುಗಳ ವಿಶ್ವವಿದ್ಯಾಲಯ) ಒಂದು ವಿಷಯಕ್ಕೆ 100 ಅಂಕ ಅಂದರೆ ಅದರಲ್ಲಿ 50 ಕಾಲೇಜಿನ ಕೈಯಲ್ಲಿರುತ್ತದೆ. ಇಂಟರ್ನಲ್ಸ್ ಅಂದರೆ ಕಾಲೇಜೇ ನಡೆಸುವ ಟೆಸ್ಟ್, ಅಸೈನ್‌ಮೆಂಟ್, ಲ್ಯಾಬ್ ಎಲ್ಲ ಸೇರಿ. ಅದರಲ್ಲಿ ಕನಿಷ್ಠ 20 ಬರಲೇಬೇಕು, ಬರದಿದ್ದರೆ ಆ ವಿಷಯದ ಪರೀಕ್ಷೆಗೇ ಕೂರುವ ಹಾಗಿಲ್ಲ. ಹಾಜರಾತಿ 85 ಪರ್ಸೆಂಟ್ ಇರಬೇಕು. ಆದ್ದರಿಂದ ಕೊನೆಯ ವಾರ ಎಲ್ಲರೂ ನೋಟಿಸ್ ಬೋರ್ಡಿನ ಮುಂದೆ ಬೆರಳಿಟ್ಟು ತಮ್ಮ ಯುಎಸ್‌ಎನ್ ನಂಬರ್ (ವಿಶ್ವವಿದ್ಯಾಲಯ ಕೊಡುವ ರಿಜಿಸ್ಟರ್ ನಂಬರ್) ಹುಡುಕುತ್ತಾ ನಿಂತಿರುತ್ತಾರೆ. ನಿಮ್ಮ ಮಗಳೂ ನಿಂತಿರುತ್ತಾಳೆ.

ಇನ್ನೊಂದು ಓಡಾಟ ರೆಕಾರ್ಡಿನದು. ಲ್ಯಾಬಿನಲ್ಲಿ ಮಾಡಿದ ಪ್ರತಿ ಪ್ರಯೋಗವನ್ನೂ ಬರೆದು, ಗ್ರಾಫ್ ಅಂಟಿಸಿ, ಸೈನ್ ಹಾಕಿಸಬೇಕು. ಮೇಷ್ಟ್ರು ಬೆಳಿಗ್ಗೆ ಸಿಕ್ಕರೆ ಪುಣ್ಯ. ಅವರು ಮೀಟಿಂಗಿಗೆ ಹೋದರೆ ಸ್ಟಾಫ್ ರೂಮಿನ ಹೊರಗೆ ಹತ್ತು ಜನ ರೆಕಾರ್ಡ್ ಎದೆಗೆ ಅವುಚಿಕೊಂಡು ಕಾಯುತ್ತೇವೆ. ಮೊದಲ ಸೆಮಿಸ್ಟರಿನವರಿಗೆ ಇದೆಲ್ಲ ಹೊಸದು. ಪಿಯುಸಿಯಲ್ಲೂ ರೆಕಾರ್ಡ್ ಇರುತ್ತದೆ, ಆದರೆ ಅಲ್ಲಿ ಯಾರಾದರೂ ಬೆನ್ನು ಹತ್ತಿ ಮಾಡಿಸುತ್ತಿದ್ದರು. ಇಲ್ಲಿ ಯಾರೂ ಕರೆದು ಕೇಳುವುದಿಲ್ಲ. ತಾನೇ ನೆನಪಿಟ್ಟು ಮುಗಿಸಬೇಕು. ಈ ಹೊತ್ತಿನಲ್ಲಿ ಫೋನ್ ಬ್ಯಾಗಿನಲ್ಲಿ ಸೈಲೆಂಟ್ ಆಗಿ ಇರುತ್ತದೆ. ನೀವು ಹನ್ನೊಂದಕ್ಕೆ ಮಾಡಿದ ಕಾಲ್ ಅವಳು ನೋಡುವುದು ಮೂರಕ್ಕೆ.

ಲ್ಯಾಬ್ ಪರೀಕ್ಷೆ ದಿನ ಚೀಟಿ ಎತ್ತಬೇಕು. ಯಾವ ಪ್ರಯೋಗ ಬರುತ್ತದೋ ಅದನ್ನೇ ಮಾಡಿ ತೋರಿಸಬೇಕು. ಹೋದ ವರ್ಷ ನಾನು ಎತ್ತಿದ ಚೀಟಿ ನನಗೆ ಚೆನ್ನಾಗಿ ಗೊತ್ತಿದ್ದ ಸರ್ಕ್ಯೂಟ್. ಖುಷಿಯಿಂದ ಜೋಡಿಸಿದೆ. ಸಿಆರ್‌ಓ (ಸಿಗ್ನಲ್ಲನ್ನು ಅಲೆಯಾಗಿ ತೋರಿಸುವ ಯಂತ್ರ) ಪರದೆ ಮೇಲೆ ಒಂದು ಗೆರೆ ಬಿಟ್ಟು ಏನೂ ಬರಲಿಲ್ಲ. ಒಂದೊಂದೇ ವೈರ್ ತೆಗೆದು ಹಾಕುತ್ತಾ ಮುಕ್ಕಾಲು ಗಂಟೆ ಹೋಯಿತು. ಕೊನೆಗೆ ನೋಡಿದರೆ ಒಂದು ಕೆಂಪು ವೈರ್ ಒಳಗೇ ತುಂಡಾಗಿತ್ತು, ಮೇಲೆ ಪ್ಲಾಸ್ಟಿಕ್ ಮಾತ್ರ ಗಟ್ಟಿ ಇತ್ತು. ಬದಲಾಯಿಸಿದ ಕೂಡಲೇ ಅಲೆ ಬಂತು. ಆ ಹಸಿರು ಅಲೆ ನೋಡಿದಾಗ ನನಗಾದ ಸಮಾಧಾನ ಈಗಲೂ ನೆನಪಿದೆ. ಅಂಥ ದಿನ ರೂಮಿಗೆ ಬಂದವರಿಗೆ ಯಾರ ಹತ್ತಿರವೂ ಮಾತಾಡುವ ಶಕ್ತಿ ಇರುವುದಿಲ್ಲ ಸರ್. ಸುಮ್ನೆ ಮಲಗಿಬಿಡುತ್ತೇವೆ.

ಸಂಜೆ ಫೋನ್ ಕೈಯಲ್ಲಿರುತ್ತದೆ, ಆದರೆ ಕೆಲಸಕ್ಕೆ. ಕಾಲೇಜಿನ ಹತ್ತಿರದ ಜೆರಾಕ್ಸ್ ಅಂಗಡಿಯಲ್ಲಿ ಈಗ ಕಾಲಿಡಲು ಜಾಗ ಇಲ್ಲ. ಹಳೇ ಪ್ರಶ್ನೆಪತ್ರಿಕೆ, ಸೀನಿಯರ್‌ಗಳ ನೋಟ್ಸ್, ಎಲ್ಲ ವಾಟ್ಸಾಪ್‌ನಲ್ಲಿ ಕಳಿಸಿ ಪ್ರಿಂಟ್ ತೆಗೆಸಿ ಸ್ಪೈರಲ್ ಹಾಕಿಸಬೇಕು. ಹುಡುಗರು "ಪಾಸಿಂಗ್ ಪ್ಯಾಕೇಜ್" ಅಂತ ಒಂದು ಕಟ್ಟು ಇಟ್ಟುಕೊಂಡಿರುತ್ತಾರೆ. ಪಾಠದ ಐದು ಭಾಗ, ಅಂದರೆ ಐದು ಮಾಡ್ಯೂಲ್‌ನಲ್ಲಿ ಇಷ್ಟು ಓದಿದರೆ ಸಾಕು ಅನ್ನುವ ಪ್ರಶ್ನೆಗಳ ಕಟ್ಟು. ಪ್ರತಿ ಮಾಡ್ಯೂಲ್‌ನಿಂದ ಎರಡು ಪ್ರಶ್ನೆ ಬರುತ್ತವೆ, ಒಂದನ್ನು ಬರೆಯಬೇಕು, ಒಂದಕ್ಕೆ 20 ಅಂಕ (ಹೀಗೆ 100ಕ್ಕೆ ಬರೆದದ್ದನ್ನು ಆಮೇಲೆ 50ಕ್ಕೆ ಇಳಿಸುತ್ತಾರೆ). ಹಾಗಾಗಿ ಲೆಕ್ಕ ಹಾಕಿ ಓದುವ ಆಸೆ ಎಲ್ಲರಿಗೂ ಬರುತ್ತದೆ. ನನ್ನ ಅಭಿಪ್ರಾಯ ಕೇಳಿದರೆ ಮೊದಲ ವರ್ಷದವರು ಅದನ್ನು ಮುಟ್ಟಬಾರದು. ಮೊದಲ ವರ್ಷದ ಗಣಿತ ಅರ್ಧ ಬಿಟ್ಟರೆ ಮೂರನೇ ವರ್ಷದವರೆಗೂ ಕಾಡುತ್ತದೆ. ನನ್ನನ್ನು ಕಾಡಿದೆ.

ಜೆರಾಕ್ಸ್ ಮುಗಿಸಿ ಬರುವಾಗ ಹತ್ತು ನಿಮಿಷ ಮಂಡಕ್ಕಿ, ಮೆಣಸಿನಕಾಯಿ. ಈ ಊರಲ್ಲಿ ಅದು ಬಿಟ್ಟು ಸಂಜೆ ಇಲ್ಲ. ಖಾರ ಹೆಚ್ಚಾಗಿ ಕಣ್ಣಲ್ಲಿ ನೀರು ಬರುತ್ತಾ ಇದ್ದರೂ "ಆ ಡಿರೈವೇಶನ್ ಬಂತಾ ನಿಂಗೆ?" ಅಂತ ಮಾತು ನಡೆದಿರುತ್ತದೆ.

ರಾತ್ರಿಯ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಯಾಕೆಂದರೆ ನಮ್ಮ ನಿಜವಾದ ಓದು ನಡೆಯುವುದು ಆಗಲೇ. ನಾನು ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ನನ್ನ ರೂಮ್‌ಮೇಟ್ ಹೊಸದುರ್ಗದವಳು, ಅವಳೂ ಹಾಗೇ. ಕ್ಲಾಸಿನಲ್ಲಿ ಇಂಗ್ಲಿಷಿನಲ್ಲಿ ಕೇಳಿದ್ದನ್ನು ರಾತ್ರಿ ಊಟ ಆದ ಮೇಲೆ ಕನ್ನಡದಲ್ಲಿ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತೇವೆ. ಹೇಳಲು ಬಂದರೆ ಬಂತು ಅಂತ ಅರ್ಥ. ಮೊನ್ನೆ ನನಗೆ ಎಂಟು ಪಾಯಿಂಟಿನ ಎಫ್‌ಎಫ್‌ಟಿ (ಸಿಗ್ನಲ್ಲಿನಲ್ಲಿ ಯಾವ ಯಾವ ಫ್ರೀಕ್ವೆನ್ಸಿ ಇದೆ ಅಂತ ಬೇಗ ಲೆಕ್ಕ ಹಾಕುವ ವಿಧಾನ) ಚಿತ್ರ ಎಷ್ಟು ಬರೆದರೂ ತಪ್ಪಾಗುತ್ತಿತ್ತು. ಎಲ್ಲ ಗೆರೆ ಒಂದರ ಮೇಲೊಂದು. ಅವಳು ಸೀಮೆಸುಣ್ಣ ತಂದು ಕಾರಿಡಾರಿನ ನೆಲದ ಮೇಲೆ ಚುಕ್ಕಿ ಇಟ್ಟಳು. ಎಂಟೆಂಟು ಚುಕ್ಕಿ, ನಾಲ್ಕು ಸಾಲು. "ರಂಗೋಲಿ ಅಂದ್ಕೊ" ಅಂದಳು. ಮೊದಲ ಹಂತದಲ್ಲಿ ಪಕ್ಕದ ಚುಕ್ಕಿಗೆ ಎಳೆ. ಎರಡನೆಯದರಲ್ಲಿ ಒಂದು ಬಿಟ್ಟು. ಮೂರನೆಯದರಲ್ಲಿ ಮೂರು ಬಿಟ್ಟು. ಹೀಗೆ ಎರಡು ಚುಕ್ಕಿ ಸೇರಿಸುವ ಅಡ್ಡ ಗೆರೆಗಳ ಜೋಡಿಗೆ ಚಿಟ್ಟೆ ಅಂತಾರೆ, ಹಂತಕ್ಕೆ ನಾಲ್ಕು, ಒಟ್ಟು 12. ನೇರವಾಗಿ ಲೆಕ್ಕ ಮಾಡಿದರೆ 64 ಗುಣಾಕಾರ ಬೇಕು, ಹೀಗೆ ಮಾಡಿದರೆ 12ಕ್ಕೆ ಮುಗಿಯುತ್ತದೆ. ಮೊದಲ ಸಾಲಿನ ಅಂಕಿಗಳು ಮಾತ್ರ 0, 4, 2, 6, 1, 5, 3, 7 ಅಂತ ಅದಲು ಬದಲು ಇರುತ್ತವೆ. ಅದು ಯಾಕೆ ಅಂತ ನನಗೆ ಕ್ಲಾಸಿನಲ್ಲಿ ತಲೆಗೇ ಹೋಗಿರಲಿಲ್ಲ. ಅವಳು 1 ಅನ್ನು ಬೈನರಿಯಲ್ಲಿ (0 ಮತ್ತು 1 ಮಾತ್ರ ಬಳಸಿ) 001 ಅಂತ ಬರೆದು, ಹಿಂದಿನಿಂದ ಓದು ಅಂದಳು. 100, ಅಂದರೆ 4. ಅಷ್ಟೇ. ಹನ್ನೊಂದೂವರೆಗೆ ವಾರ್ಡನ್ ಮೇಡಂ ಬಂದರು. ಬೈಯುತ್ತಾರೆ ಅಂದುಕೊಂಡೆವು. ನೆಲ ನೋಡಿ, "ಬೆಳಿಗ್ಗೆ ಒರೆಸಿ" ಅಂತ ಹೇಳಿ ಹೋದರು. ನಾವು ಎರಡು ದಿನ ಒರೆಸಲಿಲ್ಲ. ಪಕ್ಕದ ರೂಮಿನವರೂ ಅದನ್ನೇ ನೋಡಿ ಕಲಿತರು.

ಆ ಹೊತ್ತಿನಲ್ಲಿ ಫೋನ್ ಟ್ರಂಕಿನ ಒಳಗೆ. ಹೊರಗಿದ್ದರೆ ಕೈ ಹೋಗುತ್ತದೆ ಅಂತ ನಾವೇ ಇಡುತ್ತೇವೆ. ನೀವು ರಾತ್ರಿ ಹತ್ತಕ್ಕೆ ಮಾಡಿ ಎತ್ತಲಿಲ್ಲ ಅಂದರೆ ಹೀಗೂ ಇರಬಹುದು ಸರ್.

ಆದರೆ ಇನ್ನೊಂದು ಕಾರಣವೂ ಇರುತ್ತದೆ. ಅದನ್ನು ಮುಚ್ಚಿಟ್ಟರೆ ನಿಮಗೆ ಅರ್ಧ ಉತ್ತರ ಕೊಟ್ಟ ಹಾಗೆ.

ನನಗೆ ಎರಡನೇ ಸೆಮಿಸ್ಟರಿನ ಗಣಿತ ಹೋಗಿತ್ತು. ಮನೆಯಲ್ಲಿ ಹೇಳಿರಲಿಲ್ಲ. ಮೂರನೇ ಸೆಮಿಸ್ಟರ್ ಕೊನೆಗೆ ಆ ಪೇಪರನ್ನೂ ಸೇರಿಸಿ ಬರೆಯಬೇಕಿತ್ತು. ಅಪ್ಪ ಫೋನ್ ಮಾಡಿದರೆ "ಎಂಗೆ ಓದ್ತಾ ಇದ್ದೀಯವ್ವ" ಅಂತ ಕೇಳುತ್ತಾರೆ, ನಾನು ಸುಳ್ಳು ಹೇಳಬೇಕಾಗುತ್ತದೆ. ಅದಕ್ಕೆ ಎತ್ತುವುದನ್ನೇ ಬಿಟ್ಟೆ. ನಾಲ್ಕು ದಿನ. ಐದನೇ ದಿನ ಅಪ್ಪ ಇಲ್ಲಿನ ಎಪಿಎಂಸಿಗೆ ಮೆಕ್ಕೆಜೋಳ ಹಾಕಲು ಬಂದವರು ನೇರ ಹಾಸ್ಟೆಲ್ ಗೇಟಿಗೆ ಬಂದು ನಿಂತಿದ್ದರು. ತಲೆಗೆ ಸುತ್ತಿದ ಟವೆಲ್ ಮೇಲೆ ಇನ್ನೂ ಹೊಟ್ಟು ಇತ್ತು. ನನ್ನನ್ನು ನೋಡಿ ಕೇಳಿದ್ದು ಒಂದೇ, "ಉಂಡ್ಯಾ?"

ಬೆಣ್ಣೆದೋಸೆ ತಿನ್ನಲು ಕರೆದುಕೊಂಡು ಹೋದರು. ಬಿಸಿ ದೋಸೆ ಮೇಲೆ ಬೆಣ್ಣೆ ಕರಗುತ್ತಾ ಇತ್ತು. ಅವರು ತಮ್ಮ ತಟ್ಟೆಯ ಆಲೂಗಡ್ಡೆ ಪಲ್ಯ ನನ್ನ ಕಡೆ ಸರಿಸಿದರು. ನನಗೆ ಅಳು ತಡೆಯಲಾಗಲಿಲ್ಲ, ಅಲ್ಲೇ ಹೇಳಿಬಿಟ್ಟೆ. ಒಂದು ಪೇಪರ್ ಹೋಗಿದೆ ಅಪ್ಪ ಅಂತ. ಅವರು ಸ್ವಲ್ಪ ಹೊತ್ತು ಚಟ್ನಿ ನೋಡುತ್ತಾ ಕೂತರು. ಆಮೇಲೆ, "ಮತ್ತೆ ಬರೀಬೋದಲ್ಲ? ಎಷ್ಟು ಕಟ್ಟಬೇಕು?" ಅಂದರು. ಕಟ್ಟಿದೀನಿ, ಮೆಸ್ಸಿನ ದುಡ್ಡಲ್ಲಿ ಉಳಿಸಿ ಕಟ್ಟಿದೀನಿ ಅಂದೆ. ಅದಕ್ಕೆ ಅವರಿಗೆ ಸಿಟ್ಟು ಬಂತು. "ಉಣ್ಣದು ಬಿಟ್ಟು ಕಟ್ಟಿದ್ಯಾ?" ಅಂತ. ಫೇಲ್ ಆಗಿದ್ದಕ್ಕೆ ಒಂದು ಮಾತೂ ಆಡಲಿಲ್ಲ. ಅವತ್ತು ರಾತ್ರಿ ಎಷ್ಟೋ ದಿನದ ಮೇಲೆ ನಾನು ನೆಮ್ಮದಿಯಾಗಿ ಓದಿದೆ. ಆ ಪೇಪರ್ ಆಯಿತು.

ನಿಮ್ಮ ಮಗಳು ಏನೋ ಮುಚ್ಚಿಟ್ಟಿದ್ದಾಳೆ ಅಂತ ನಾನು ಹೇಳುತ್ತಿಲ್ಲ. ಮೊದಲ ಸೆಮಿಸ್ಟರ್, ರಿಸಲ್ಟ್ ಇನ್ನೂ ಒಂದೂ ಬಂದಿಲ್ಲ. ಆದರೆ ಇಂಟರ್ನಲ್ಸ್‌ನಲ್ಲಿ ಕಡಿಮೆ ಬಂದಿರಬಹುದು, ಇಂಗ್ಲಿಷ್ ಪಾಠ ಕಷ್ಟವಾಗಿರಬಹುದು. ಊರಲ್ಲಿ ಕ್ಲಾಸಿಗೇ ಫಸ್ಟ್ ಬರುತ್ತಿದ್ದವರಿಗೆ ಇಲ್ಲಿ 50ಕ್ಕೆ 24 ಬಂದರೆ ಮನೆಯಲ್ಲಿ ಹೇಳಲು ಬಾಯಿ ಬರುವುದಿಲ್ಲ. ನೀವು ಫೋನ್ ಮಾಡಿದಾಗ ಮಾರ್ಕ್ಸ್ ಕೇಳಬೇಡಿ ಅಂತ ಮಾತ್ರ ನನ್ನ ವಿನಂತಿ. ಮನೆ ಸುದ್ದಿ ಹೇಳಿ. ಎಮ್ಮೆ ಕರು ಹಾಕಿತು, ಅಡಿಕೆ ಚೇಣಿಗೆ ಕೊಟ್ಟೆವು, ಅಜ್ಜಿ ಹುಷಾರಾಗಿದ್ದಾರೆ, ಇಂಥವು. ನಮ್ಮಮ್ಮ ಈಗ ಹಾಗೇ ಮಾಡುತ್ತಾಳೆ. ರಾತ್ರಿ ಎಂಟೂವರೆ, ಮೆಸ್ಸಿನಲ್ಲಿ ತಟ್ಟೆ ತೊಳೆಯುವ ಹೊತ್ತು. ಎರಡೇ ನಿಮಿಷ. ಆ ಹೊತ್ತಿಗೆ ಫೋನ್ ನನ್ನ ಹತ್ತಿರ ಇರುತ್ತದೆ ಅಂತ ಅವಳಿಗೂ ಗೊತ್ತು, ನನಗೂ ಗೊತ್ತು. ನಿಮ್ಮ ಮಗಳನ್ನೂ ಅಂಥ ಒಂದು ಹೊತ್ತು ಕೇಳಿ ಇಟ್ಟುಕೊಳ್ಳಿ. ಕಾಲ್ ಆಗದಿದ್ದರೆ ಒಂದು ವಾಯ್ಸ್ ಮೆಸೇಜ್ ಬಿಡಿ. ಅವಳು ಅದನ್ನು ಮಲಗುವ ಮೊದಲು ಎರಡು ಸಲ ಕೇಳುತ್ತಾಳೆ.

ಪರೀಕ್ಷೆ ದಿನಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬೆಳಿಗ್ಗೆ ಪೇಪರ್ ಆದರೆ ಒಂಬತ್ತೂವರೆಯಿಂದ ಹನ್ನೆರಡೂವರೆ, ಮಧ್ಯಾಹ್ನದ್ದಾದರೆ ಎರಡರಿಂದ ಐದು. ಫೋನ್ ಪರೀಕ್ಷೆ ಕೋಣೆಯ ಹೊರಗೆ ಬ್ಯಾಗಿನಲ್ಲಿ ಇರುತ್ತದೆ. ಹೊರಗೆ ಬಂದ ಕೂಡಲೇ ಮಾಡಬೇಡಿ. ಆ ಅರ್ಧ ಗಂಟೆ ಎಲ್ಲರೂ ಉತ್ತರ ತಾಳೆ ನೋಡುತ್ತಾ ನಿಂತಿರುತ್ತಾರೆ, ಮನಸ್ಸು ಸರಿ ಇರುವುದಿಲ್ಲ. ಒಂದು ಪೇಪರ್ ಮಾತ್ರ ಅವಳು ನಗುತ್ತಾ ಬರೆಯುತ್ತಾಳೆ, ಸಾಂಸ್ಕೃತಿಕ ಕನ್ನಡ. ಕನ್ನಡ ಬಲ್ಲವರಿಗೆಲ್ಲ ಮೊದಲ ವರ್ಷದಲ್ಲಿ ಅದು ಇದೆ. ಕನ್ನಡ ಬಾರದವರಿಗೆ ಬಳಕೆ ಕನ್ನಡ. ನಮ್ಮ ಹಾಸ್ಟೆಲ್‌ನಲ್ಲಿ ಅದರ ಹಿಂದಿನ ದಿನ ಹೊರರಾಜ್ಯದ ಹುಡುಗಿಯರಿಗೆ ನಾವೇ ಪಾಠ ಮಾಡುತ್ತೇವೆ, ಅವರು ನಮಗೆ ಪ್ರೋಗ್ರಾಮಿಂಗ್ ಹೇಳಿಕೊಡುತ್ತಾರೆ.

ಅಕಸ್ಮಾತ್ ಒಂದು ವಿಷಯ ಹೋದರೂ ಎರಡನೇ ಸೆಮಿಸ್ಟರ್ ನಿಲ್ಲುವುದಿಲ್ಲ. ಮುಂದೆ ಹೋಗಿ, ಉಳಿದದ್ದನ್ನು ಮತ್ತೆ ಶುಲ್ಕ ಕಟ್ಟಿ ಬರೆಯಬಹುದು. ಇದನ್ನು ಅವಳಿಗಿಂತ ಮೊದಲು ನೀವು ತಿಳಿದಿರುವುದು ಒಳ್ಳೆಯದು.

ಕೊನೇ ಪೇಪರ್ ಯಾವತ್ತು, ಬೆಳಿಗ್ಗೆಯೋ ಮಧ್ಯಾಹ್ನವೋ ಅಂತ ಈಗಲೇ ಕೇಳಿಕೊಳ್ಳಿ. ಮಧ್ಯಾಹ್ನದ್ದಾದರೆ ಐದಕ್ಕೆ ಬಿಟ್ಟು, ರೂಮಿಗೆ ಹೋಗಿ ಲಗೇಜ್ ತೆಗೆದುಕೊಂಡು ಬಸ್‌ಸ್ಟ್ಯಾಂಡಿಗೆ ಬರುವ ಹೊತ್ತಿಗೆ ಕತ್ತಲಾಗುತ್ತದೆ. ಹಿರಿಯೂರಿಗೆ ಚಿತ್ರದುರ್ಗದ ಮೇಲೆ ಸುಮಾರು ನೂರು ಕಿಲೋಮೀಟರ್. ಅವತ್ತು ಬರುವುದು ಬೇಡ, ಬೆಳಿಗ್ಗೆ ಮೊದಲ ಸರ್ಕಾರಿ ಬಸ್ಸಿಗೆ ಬಾ ಅಂತ ಹೇಳಿ. ಶಕ್ತಿ ಯೋಜನೆ ಇರುವುದರಿಂದ ಅದರಲ್ಲಿ ಟಿಕೆಟ್ ಖರ್ಚಿಲ್ಲ, ಆಧಾರ್ ಕಾರ್ಡ್ ಬ್ಯಾಗಿನ ಮೇಲಿನ ಜೇಬಿನಲ್ಲೇ ಇರಲಿ. ಸಾಧ್ಯವಾದರೆ ನೀವೇ ಬಂದು ಕರೆದುಕೊಂಡು ಹೋಗಿ ಸರ್. ಹಾಸಿಗೆ, ಬಕೆಟ್, ಆರು ತಿಂಗಳ ಪುಸ್ತಕ, ಒಬ್ಬಳಿಗೆ ಹೊರಲು ಆಗುವುದಿಲ್ಲ.